ಕಟಿಂಗ್ ಮಾಸ್ಟರ್ ಕತ್ತರಿಸಿದ ಮಾತು

ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಬೆಲ್ ಹೊಡೆದರೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಕಟಿಂಗ್ ಹಾಲಿನ ಜನ ಊಟದ ಡಬ್ಬಿ ಬಿಚ್ಚುವ ಮೊದಲು ರೇಡಿಯೋ ಹಾಕುತ್ತಿದ್ದರು. ಈ ರೂಢಿ ಶುರುವಾಗಿ ಆರು ವರ್ಷ ಆಗಿತ್ತು. ಕಿಟಕಿ ಕಟ್ಟೆಯ ಮೇಲೆ ಒಂದು ಹಳೇ ರೇಡಿಯೋ, ಮುರಿದುಹೋದ ಏರಿಯಲ್ ಜಾಗಕ್ಕೆ ಹ್ಯಾಂಗರಿನ ತಂತಿ. ಮೊದಲು ಕರಕರ ಸದ್ದು, ಆಮೇಲೆ ಡ್ರಮ್ಮಿನ ಎರಡು ಏಟು, ಆಮೇಲೆ ಕಟಿಂಗ್ ಮಾಸ್ಟರ್ ದನಿ.

"ಅರವತ್ತು ಪದರ ಬಟ್ಟೆ, ಒಂದೇ ಏಟು ಕಟ್ಟು,
ಅಳತೆ ನನ್ನ ಕಣ್ಣಲ್ಲೇ, ಟೇಪು ಪಕ್ಕಕ್ಕಿಟ್ಟು,
ಮೈಕು ಕೊಟ್ರೆ ಸಾಕು, ಮಾತು ಹರಿತ ಕತ್ತರಿ,
ಎದುರು ನಿಂತ್ರೆ ಚಿಂದಿ ಚಿಂದಿ, ಗೋಡೆ ಮೇಲೆ ಹತ್ತಿರಿ."

ಹೀಗೆ ಎಂಟು ಸಾಲು. ಬಡಾವಣೆಯ ಸಮುದಾಯ ರೇಡಿಯೋದಲ್ಲಿ ವಾರಕ್ಕೆ ಅರ್ಧ ಗಂಟೆ ಬರುವ ಹಿಪ್‌ಹಾಪ್ ಕಾರ್ಯಕ್ರಮದ ಬಾಗಿಲು ಆ ಎಂಟು ಸಾಲಿನಿಂದಲೇ ತೆರೆಯಬೇಕು. ಹಾಲಿನ ನಲವತ್ತು ಜನ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಗುಂಡಿ ಹಾಕುವ ಹೆಂಗಸರು ಡಬ್ಬಿ ಮುಚ್ಚಳ ತಟ್ಟುತ್ತಾ ಜೊತೆಗೆ ಹೇಳುತ್ತಿದ್ದರು. ಮಾಸ್ಟರ್ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಆದರೆ ಕಿವಿ ಎರಡೂ ಕೆಂಪಗಾಗಿರುತ್ತಿದ್ದವು. ವಾರದ ಬಾಕಿ ಆರು ದಿನವನ್ನು ಅವನು ಆ ಅರ್ಧ ನಿಮಿಷದ ಬಲದ ಮೇಲೆ ತಳ್ಳುತ್ತಿದ್ದ ಅಂದರೆ ತಪ್ಪಿಲ್ಲ.

ಹೆಚ್ಚು ಮಾತಾಡುವ ಮನುಷ್ಯ ಅವನಲ್ಲ. ಬಟ್ಟೆಯ ಥಾನು ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಗುರುತಿನ ಕಾಗದ ಇಟ್ಟು, ಎಡಗೈಗೆ ಉಕ್ಕಿನ ಬಲೆಯ ಗ್ಲೌಸ್ ಹಾಕಿಕೊಂಡು, ಮಷೀನು ಹಿಡಿದರೆ ಆಯಿತು. ಅರವತ್ತು ಅಂಗಿಯ ತೋಳು ಒಟ್ಟಿಗೇ ಬೇರೆಯಾಗುತ್ತಿತ್ತು. ಮಷೀನಿನ ಗುಂಯ್ ಸದ್ದಿಗೆ ಸರಿಯಾಗಿ ಅವನ ತಲೆಯೊಳಗೆ ಮಾತುಗಳು ಕೂಡಿಕೊಳ್ಳುತ್ತಿದ್ದವು. ಚಾಕ್‌ನಿಂದ ಚಿಂದಿ ಬಟ್ಟೆಯ ಮೇಲೆ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ರೇಡಿಯೋದಲ್ಲಿ ಅವನ ಹೆಸರು 'ಕತ್ತರಿ'.

ಅದೇ ರೇಡಿಯೋದಲ್ಲಿ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಸಂಬಳ ಇಲ್ಲದ್ದು, ಆದರೆ ಮರ್ಯಾದೆಯದ್ದು.

ರೇಡಿಯೋ ಅಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ನಡೆಸುವವರು ಒಬ್ಬರು ಮೇಡಂ. ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ಈಗಲೂ ಮಾತಾಡುವಾಗ ಬೆರಳು ಮೇಜಿನ ಮೇಲೆ ಕುಣಿಯುತ್ತಿರುತ್ತವೆ. ಹಿಪ್‌ಹಾಪ್ ಕಾರ್ಯಕ್ರಮ ನಡೆಸುವವನು ಮೊಬೈಲ್ ರಿಪೇರಿಯವನು. ಎಲ್ಲರನ್ನೂ ಬ್ರೋ ಅಂತ ಕರೆದು ಕರೆದು ಅವನಿಗೇ ಬ್ರೋ ಅನ್ನುವ ಹೆಸರು ಅಂಟಿಕೊಂಡಿತ್ತು. ಮೇಡಂನೂ ಒಮ್ಮೆ ಬಾಯಿತಪ್ಪಿ ಬ್ರೋ ಅಂದು ಆಮೇಲೆ ಒಂದು ವಾರ ಗಂಭೀರವಾಗಿದ್ದರಂತೆ.

ಹಾಡು ಕಳಿಸುವವರೆಲ್ಲ ಇಂಥ ಜನವೇ. ಗೋಡಾನಿನಲ್ಲಿ ಮೂಟೆ ಹೊರುವವರು, ಕೊರಿಯರ್ ಹಂಚುವವರು, ಕಾಲೇಜು ಬಿಟ್ಟವರು. ತಲೆ ಮೇಲೆ ರಗ್ಗು ಹೊದ್ದುಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಹೊಟ್ಟೆಯೊಳಗಿದ್ದದ್ದು ಬಾಯಿಗೆ ಬಂದಾಗ ಬೈಗುಳವೂ ಜೊತೆಗೇ ಬರುತ್ತಿತ್ತು. ಸಮುದಾಯ ರೇಡಿಯೋದಲ್ಲಿ ಅದೆಲ್ಲ ನಡೆಯುವುದಿಲ್ಲ. ಬೈಗುಳ, ಪಕ್ಷದ ಹೆಸರು, ಅಂಗಡಿಯ ಹೆಸರು, ಈ ಮೂರು ಗಾಳಿಗೆ ಹೋಗಬಾರದು. ಅದನ್ನು ಕತ್ತರಿಸುವವನು ಮಾಸ್ಟರ್. ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಪ್ರತಿ ಹಾಡನ್ನೂ ಕೇಳಿ, ಕೆಟ್ಟ ಮಾತು ಬಂದ ಕಡೆ ಸದ್ದನ್ನೇ ತೆಗೆದುಹಾಕುತ್ತಿದ್ದ. ಬೇರೆ ಕಡೆಯ ಹಾಗೆ ಬೀಪ್ ಹಾಕಿ ಕುಂಯ್ ಅನ್ನಿಸುವುದು ಮೇಡಂಗೆ ಆಗದು. ಕುಂಯ್ ಅಂದರೆ ಜನ ಎಷ್ಟು ಸಲ ಅಂತ ಎಣಿಸ್ತಾರೆ, ಸುಮ್ಮನೆ ಖಾಲಿ ಬಿಡಿ ಅನ್ನುತ್ತಿದ್ದರು. ಹಾಡು ಒಂದೇ ಎಳೆಯಲ್ಲಿ ಬಂದಿರುತ್ತಿದ್ದುದರಿಂದ ಮಾತಿನ ಜೊತೆ ಬೀಟೂ ಹೋಗಿ ಅಲ್ಲಿ ಅರ್ಧ ಕ್ಷಣ ಏನೂ ಇರುತ್ತಿರಲಿಲ್ಲ. ಖಾಲಿ ಬಂತೆಂದರೆ ಯಾರೋ ಬೈದಿದ್ದಾರೆ ಅಂತ ಕೇಳುವವರಿಗೆಲ್ಲ ಗೊತ್ತು.

ಕತ್ತರಿಸಿದ್ದಕ್ಕೆ ಒಂದು ಪುಸ್ತಕ. ಎಷ್ಟನೇ ನಿಮಿಷ, ಯಾವ ಪದ, ಏನು ಕಾರಣ, ಕೊನೆಗೆ ಸಹಿ. ಆರು ವರ್ಷದಲ್ಲಿ ಕಾರಣದ ಸಾಲಿನಲ್ಲಿ ಆ ಮೂರು ಬಿಟ್ಟು ನಾಲ್ಕನೆಯದು ಬಂದಿರಲಿಲ್ಲ.

ಮಾಸ್ಟರ್ ಹೆಂಡತಿಯ ತಂಗಿ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದಳು. ತಾನಿದ್ದ ಹಾಸ್ಟೆಲಿನ ಊಟ ಸೇರದೆ ಸಂಜೆ ಊಟಕ್ಕೆ ಅಕ್ಕನ ಮನೆಗೇ ಬರುತ್ತಿದ್ದಳು. ಮನೆಯಲ್ಲಿ ಅವಳಿಗೆ ಸಣ್ಣೋಳು ಅನ್ನುವುದೇ ಹೆಸರು. ಭಾವನಿಗೂ ನಾದಿನಿಗೂ ಹೊಂದಿಕೊಂಡಿದ್ದೇ ಹಾಡಿನಿಂದ. ತಟ್ಟೆಯ ಪಕ್ಕ ಬೆರಳಿನಿಂದ ಟೇಬಲ್ ತಟ್ಟಿ, ನಾಲ್ಕು ಏಟಿನೊಳಗೆ ಮಾತು ಕೂರಿಸುವುದು ಹೇಗೆ ಅಂತ ಕಲಿಸಿದವನು ಅವನೇ. ಉಸಿರು ಎಲ್ಲಿ ತಗೋಬೇಕು, ಎಲ್ಲಿ ಕದಿಯಬೇಕು ಅನ್ನುವುದನ್ನೂ ಹೇಳಿಕೊಟ್ಟ. ಅವಳು ತಪ್ಪಿದಾಗ ನಗುತ್ತಿದ್ದ. ಅವಳು ತಪ್ಪುತ್ತಿರುವಷ್ಟು ದಿನ ಅವನಿಗೆ ಅವಳ ಮೇಲೆ ಬಹಳ ಪ್ರೀತಿ ಇತ್ತು.

ಒಂದು ಭಾನುವಾರ ಅವಳು ಮೊಬೈಲಿನಲ್ಲಿ ಹಾಡು ತಂದಳು. ಲಿಫ್ಟಿನ ಸರ್ವೀಸ್ ದಿನ ಬಾಗಿಲು ಹಾಕಿಕೊಂಡು ಒಳಗೇ ಕೂತು ರೆಕಾರ್ಡ್ ಮಾಡಿದ್ದಳು. ಮಹಡಿ ಬಂದಾಗ ಆಗುವ ಟಿಂಗ್ ಸದ್ದನ್ನೇ ಬೀಟ್ ಮಾಡಿದ್ದಳು.

"ನೆಲದಿಂದ ಎಂಟಕ್ಕೆ, ಎಂಟರಿಂದ ನೆಲಕ್ಕೆ,
ದಿನಾ ನೂರು ಸಲ ಹೋದ್ರೂ ಹೋಗಿಲ್ಲ ಒಂದಡಿ ಪಕ್ಕಕ್ಕೆ.
ಮೂರರಲ್ಲಿ ಮಗು ಅತ್ತಿತು, ಏಳರಲ್ಲಿ ಉಸಿರು ನಿಂತಿತು,
ಎರಡೂ ಸುದ್ದಿ ಮೊದಲು ಬಂದು ನನ್ನ ಸ್ಟೂಲಿನ ಪಕ್ಕ ಕೂತಿತು."

ಆಮೇಲೆ ಮೂರು ಸಲ ತಿರುಗಿ ಬರುವ ಸಾಲು:

"ಬಾಗ್ಲು ತೆಗ್ದೋರ್ ಯಾರು? ಯಾರೂ ನೋಡಲಿಲ್ಲ.
ಬಾಗ್ಲು ಹಾಕ್ದೋರ್ ಯಾರು? ಯಾರೂ ಕೇಳಲಿಲ್ಲ.
ಕೇಳಿ ಈಗ, ಹೇಳ್ತೀನಿ, ನಾನು ಇಲ್ಲಿ ಯಾರು:
ಲಿಫ್ಟಿನೋಳು."

ಮಾಸ್ಟರ್ ರೇಡಿಯೋ ಕೋಣೆಗೆ ಹೋಗಿ ಮೊಬೈಲನ್ನು ಬ್ರೋ ಕೈಗೆ ಕೊಟ್ಟ. ಬ್ರೋ ಯಾರ ಹಾಡು ಕೇಳಿದರೂ ಮೊದಲ ಸಾಲಿಗೇ ಸೂಪರ್ ಬ್ರೋ ಅನ್ನುವವನು. ಮಾಸ್ಟರನ ಎಂಟು ಸಾಲಿಗೂ ಅಂದಿದ್ದ, ಮೂಟೆಯವರ ಕೆಟ್ಟ ಹಾಡಿಗೂ ಅಂದಿದ್ದ. ಈ ಹಾಡು ಮುಗಿಯುವವರೆಗೆ ಅವನು ಬಾಯಿ ಬಿಡಲಿಲ್ಲ. ಮುಗಿದ ಮೇಲೂ ಬಿಡಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಕೈ ಒರೆಸಿಕೊಂಡ.

ಆ ಸುಮ್ಮನಿರುವಿಕೆ ಮಾಸ್ಟರನ ಎದೆಗೆ ಸೂಜಿಯ ಹಾಗೆ ಚುಚ್ಚಿತು. ಆರು ವರ್ಷದ ಸೂಪರ್‌ಗಳನ್ನೆಲ್ಲ ಒಟ್ಟು ಹಾಕಿದರೂ ಈ ಸುಮ್ಮನಿರುವಿಕೆಯ ತೂಕ ಬರುವುದಿಲ್ಲ ಅಂತ ಅವನಿಗೆ ಅಲ್ಲೇ ಗೊತ್ತಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಹೊಟ್ಟೆಯೊಳಗಿನ ಬೇನೆ. ಊಟಕ್ಕೆ ಬಂದವಳ ಚಪ್ಪಲಿ ಬಾಗಿಲಲ್ಲಿ ಅಡ್ಡ ಬಿದ್ದಿದೆ ಅಂತ ಸಿಟ್ಟು. ಅವಳು ಟೇಬಲ್ ತಟ್ಟಿದರೆ ತಲೆನೋವು ಅನ್ನುವ. ಮೂರು ಮತ್ತು ಏಳನೇ ಮಹಡಿ ಮಾತ್ರ ಯಾಕೆ, ನಾಲ್ಕು ಐದು ಏನು ಪಾಪ ಮಾಡಿದ್ದವು ಅಂತ ಹುಳುಕು ತೆಗೆದ. ನಾಲ್ಕರಲ್ಲಿ ಹಲ್ಲಿನ ಡಾಕ್ಟ್ರು ಭಾವ, ಪ್ರಾಸ ಸಿಗಲಿಲ್ಲ ಅಂದಳು ಅವಳು. ಹೆಂಡತಿ ನಕ್ಕುಬಿಟ್ಟಳು. ಅವನು ನಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮೇಜಿನ ಹತ್ತಿರ ಆಯಿತು. ಒಂದು ಬೆಳಿಗ್ಗೆ ಕಾಲರ್ ಕತ್ತರಿಸುತ್ತಾ ಇದ್ದವನು ಬಾಯಲ್ಲಿ ಏನೋ ಗುನುಗುತ್ತಿದ್ದ. ಪಕ್ಕದಲ್ಲಿ ಬಂಡಲ್ ಕಟ್ಟುವವಳು ಯಾವ್ದು ಮಾಸ್ಟರ್ ಅದು, ಹೊಸದಾ, ಚೆನ್ನಾಗಿದೆ ಅಂದಳು. ಆಗ ಕೇಳಿಸಿಕೊಂಡ: ನೆಲದಿಂದ ಎಂಟಕ್ಕೆ, ಎಂಟರಿಂದ ನೆಲಕ್ಕೆ. ಕೈ ಅರ್ಧ ಇಂಚು ಒಳಕ್ಕೆ ಹೋಯಿತು. ಅರವತ್ತು ಕಾಲರ್ ಗಿಡ್ಡ. ಹನ್ನೊಂದು ವರ್ಷದಲ್ಲಿ ಮೊದಲನೇ ತಪ್ಪು. ಮಾಸ್ಟರ್ ಮನಸ್ಸಿನಲ್ಲಿ ಆ ಅರವತ್ತನ್ನೂ ನಾದಿನಿಯ ತಲೆಗೇ ಕಟ್ಟಿದ.

ಅಷ್ಟರಲ್ಲಿ ಮೇಡಂ ಎಲ್ಲರನ್ನೂ ಕರೆದು ಒಂದು ವಿಷಯ ಹೇಳಿದರು. ಕಾರ್ಯಕ್ರಮಕ್ಕೆ ಏಳನೇ ವರ್ಷ. ಬಾಗಿಲ ಹಾಡು ಹೊಸದಾಗಬೇಕು. ಮೂರು ಬುಧವಾರ ಹಾಡುಗಳನ್ನು ಹಾಕೋಣ, ಹಳೆಯದೂ ಕಣದಲ್ಲಿರಲಿ, ಕೇಳುವವರು ಫೋನು ಮಾಡಿ ಹೇಳಲಿ. ಯಾವುದಕ್ಕೆ ಹೆಚ್ಚು ಫೋನು ಬಂತೋ ಅದು. ಅವರು ಇದನ್ನು ಹೇಳುವಾಗ ಮಾಸ್ಟರ್ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಬ್ರೋ ನೋಡಿದ, ತಕ್ಷಣ ಕಣ್ಣು ತೆಗೆದ.

ಆ ರಾತ್ರಿ ಹೆಂಡತಿ ಕೇಳಿದಳು, ಹೋದರೆ ಹೋಗಲಿ ಬಿಡಿ, ಅರ್ಧ ನಿಮಿಷ ತಾನೇ ಅಂತ. ಮಾಸ್ಟರ್ ದೀಪ ಆರಿಸಿದ. ಹಾಲಿನಲ್ಲಿ ನಲವತ್ತು ಜನ ಮುಚ್ಚಳ ತಟ್ಟುವುದು ಅವಳು ಒಂದು ಸಲವೂ ಕೇಳಿರಲಿಲ್ಲ. ಆ ಅರ್ಧ ನಿಮಿಷ ಹೋದರೆ ಅವನು ಮತ್ತೆ ಬರೀ ಉಕ್ಕಿನ ಗ್ಲೌಸ್ ಹಾಕಿಕೊಂಡ ಒಬ್ಬ ಮನುಷ್ಯ.

ಮೊದಲ ಬುಧವಾರದ ಹಾಡುಗಳನ್ನು ಅವನು ಭಾನುವಾರ ಕತ್ತರಿಸಲು ಕೂತ. ಕೋಣೆಯಲ್ಲಿ ಒಬ್ಬನೇ. ಕೆಳಗೆ ಸೈಕಲ್ ಅಂಗಡಿಯವನು ಗಾಳಿ ಹೊಡೆಯುವ ಸದ್ದು. ಮೂಟೆಯವರ ಹಾಡಿನಲ್ಲಿ ಹನ್ನೊಂದು ಬೈಗುಳ, ಹನ್ನೊಂದನ್ನೂ ತೆಗೆದ, ಹಾಡು ಜರಡಿಯಾಯಿತು. ಆಮೇಲೆ ನಾದಿನಿಯದ್ದು. ಒಂದು ಸಲ ಕೇಳಿದ. ಒಂದೇ ಒಂದು ಕೆಟ್ಟ ಮಾತಿಲ್ಲ. ಎರಡನೇ ಸಲ ಕೇಳಿದ. ಹೀಗೆ ಹುಡುಕಿ ಹುಡುಕಿ ಕೇಳುತ್ತಿರುವಾಗ ಹಾಡು ಇನ್ನಷ್ಟು ಚೆನ್ನಾಗಿ ಕೇಳಿಸತೊಡಗಿತು. ಅದೇ ಅವನನ್ನು ಕೆಡಿಸಿದ್ದು.

ಕಂಪ್ಯೂಟರಿನ ಪರದೆಯ ಮೇಲೆ ಮೌಸಿನ ಬಾಣ ಹೋಗಿ 'ಲಿಫ್ಟಿನೋಳು' ಅನ್ನುವ ಮಾತಿನ ಮೇಲೆ ನಿಂತಿತು. ಒತ್ತಿದ. ಸದ್ದು ಹೋಯಿತು. ಇನ್ನೆರಡು ಕಡೆಯೂ ಒತ್ತಿದ.

ಲೆಕ್ಕಾಚಾರ ಸರಿಯಾಗೇ ಇತ್ತು. ಖಾಲಿ ಅಂದರೆ ಬೈಗುಳ. ನಾನು ಇಲ್ಲಿ ಯಾರು ಅಂತ ಕೇಳಿ, ಒಬ್ಬ ಹೆಣ್ಣುಮಗಳು ಏನೋ ಹೊಲಸು ಮಾತು ಅಂದಿದ್ದಾಳೆ ಅಂತ ಜನ ಮುಖ ಸಿಂಡರಿಸುತ್ತಾರೆ. ಅದೂ ಅಲ್ಲದೆ ಪ್ರಾಸ ಕೂರುವ ಜಾಗದಲ್ಲೇ ಗುಂಡಿ ಬಿದ್ದರೆ ಹಾಡು ಕುಂಟುತ್ತದೆ. ಕುಂಟುವ ಹಾಡಿಗೆ ಯಾರು ಫೋನು ಮಾಡುತ್ತಾರೆ. ಪುಸ್ತಕ ತೆಗೆದು ನಿಮಿಷ ಬರೆದ, ಪದ ಬರೆದ. ಕಾರಣದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಬೈಗುಳ ಅಂತ ಬರೆಯಲು ಮನಸ್ಸು ಬರಲಿಲ್ಲ. ಪಕ್ಷದ ಹೆಸರು ಅಂದರೆ ಹುಚ್ಚು. 'ಅಂಗಡಿ ಹೆಸರು' ಅಂತ ಬರೆದು ಸಹಿ ಹಾಕಿದ. ಆ ಪುಸ್ತಕವನ್ನು ತಿರುಗಿಸಿ ನೋಡುವವರು ಯಾರೂ ಇರಲಿಲ್ಲ. ಅಷ್ಟು ನಂಬಿಕೆ ಅವನ ಮೇಲೆ.

ಬುಧವಾರ ಬಂತು. ಎಂಟು ಸಾಲು ಆಯಿತು, ಮುಚ್ಚಳ ತಟ್ಟಿದರು. ಮೂಟೆಯವರ ಜರಡಿ ಆಯಿತು. ಆಮೇಲೆ ಟಿಂಗ್, ಟಿಂಗ್. ಮಾಸ್ಟರ್ ತುತ್ತು ಎತ್ತಿದವನು ಹಾಗೇ ಹಿಡಿದುಕೊಂಡ.

ಕೇಳಿ ಈಗ, ಹೇಳ್ತೀನಿ, ನಾನು ಇಲ್ಲಿ ಯಾರು.

ಹಾಲಿನಲ್ಲಿ ಅರ್ಧ ಕ್ಷಣ ಫ್ಯಾನಿನ ಸದ್ದು ಮಾತ್ರ. ಆಮೇಲೆ ಬೀಟ್ ದಢಕ್ಕನೆ ಬಂದು ಬಿತ್ತು. ಯಾರಿಗೂ ಏನೂ ತಿಳಿಯಲಿಲ್ಲ. ಒಬ್ಬಳು ಏನಂದ್ಲೇ ಅವಳು ಅಂತ ಪಕ್ಕದವಳನ್ನು ಕೇಳಿದಳು. ಮಾಸ್ಟರನಿಗೆ ಹೊಟ್ಟೆ ತಣ್ಣಗಾಯಿತು, ತುತ್ತು ಬಾಯಿಗೆ ಹೋಯಿತು. ಎರಡನೇ ಸಲ ಆ ಸಾಲು ಬಂದಾಗ ಗುಂಡಿ ಹಾಕುವವರಲ್ಲಿ ಎಲ್ಲರಿಗಿಂತ ವಯಸ್ಸಾದವಳು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅಂಥವಳು ಖಾಲಿ ಜಾಗದಲ್ಲಿ ಸಣ್ಣಗೆ "ಗುಂಡಿಯೋಳು" ಅಂದಳು. ಎಲ್ಲರೂ ತಿರುಗಿ ನೋಡಿದರು. ಅವಳಿಗೇ ನಾಚಿಕೆಯಾಯಿತು. ಮೂರನೇ ಸಲ ಬರುವ ಹೊತ್ತಿಗೆ ಇಡೀ ಹಾಲು ತಯಾರಾಗಿ ಕೂತಿತ್ತು. ಇಸ್ತ್ರಿಯೋನು, ಬಂಡಲ್ಲೋಳು, ಚೆಕ್ಕರ್ರು, ಕಸದೋಳು, ಎಲ್ಲ ಒಂದೇ ಸಲಕ್ಕೆ. ಅದರ ಮೇಲೆ ಬೀಟ್ ಬಂದು ಬಿದ್ದಾಗ ಕಿಟಕಿ ಗಾಜು ಅದುರಿತು.

ಮುಚ್ಚಳ ತಟ್ಟುವ ಸದ್ದು ಇದರ ಮುಂದೆ ಏನೂ ಅಲ್ಲ. ಮಾಸ್ಟರ್ ಬಾಯೊಳಗಿನ ತುತ್ತು ಮಣ್ಣಾಯಿತು.

ಆ ದಿನ ರೇಡಿಯೋಗೆ ಬಂದ ಫೋನುಗಳನ್ನು ಬ್ರೋ ಆಮೇಲೆ ಹೇಳಿ ಹೇಳಿ ಸುಸ್ತಾದ. ಬಸ್ ಕಂಡಕ್ಟರ್ ಫೋನು ಮಾಡಿದ್ದನಂತೆ, ಆ ಖಾಲಿ ಜಾಗ ನನ್ನದು ಅಂತ. ಗೇಟಿನ ಗಾರ್ಡ್ ಮಾಡಿದ್ದನಂತೆ. ಒಬ್ಬ ಗೃಹಿಣಿ ಫೋನು ಮಾಡಿ ನನಗೆ ಹಾಕೋದಕ್ಕೆ ಪದವೇ ಸಿಗ್ತಿಲ್ಲ, ಆದ್ರೂ ಆ ಹಾಡೇ ಇರಲಿ ಅಂದು ಇಟ್ಟುಬಿಟ್ಟಳಂತೆ. ಹಳೇ ಎಂಟು ಸಾಲಿಗೆ ಒಂಬತ್ತು ಫೋನು ಬಂದಿತ್ತು. ಅದರಲ್ಲಿ ಎರಡು ಮಾಸ್ಟರ್ ಹೆಂಡತಿಯದು, ದನಿ ಬದಲಾಯಿಸಿ ಮಾಡಿದ್ದು.

ಸಂಜೆ ನಾದಿನಿ ಬಂದಳು. ಮಾಸ್ಟರ್ ಪೇಪರ್ ಅಡ್ಡ ಹಿಡಿದು ಕೂತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಭಾವ, ಅದನ್ನ ತೆಗೀಬೇಕು ಅಂತ ನಿಮಗೆ ಹೆಂಗೆ ಹೊಳೀತು? ಮೊದ್ಲು ನಂಗೆ ಎದೆ ಧಸಕ್ಕಂತು. ಆಮೇಲೆ ನಮ್ಮ ವಾರ್ಡಿನ ಆಯಾ, ಸ್ಟ್ರೆಚರ್ ತಳ್ಳೋನು, ಎಲ್ಲ ಲಿಫ್ಟೊಳಗೇ ಕೂಗ್ತಾವ್ರೆ. ನಾನು ಹತ್ತು ಸಲ ಬರೆದ್ರೂ ಹಿಂಗೆ ಬರ್ತಿರಲಿಲ್ಲ."

ಅವನು ಪೇಪರಿನ ಹಿಂದಿನಿಂದಲೇ ಹೂಂ ಅಂದ. ಹೆಂಡತಿ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತು ಗಂಡನನ್ನೇ ನೋಡಿದಳು.

"ಇಷ್ಟು ಬುದ್ಧಿ ಇತ್ತಾ ನಿಮಗೆ? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

ಅವಳು ತಮಾಷೆಗೆ ಅಂದಳೋ ನಿಜಕ್ಕೋ ತಿಳಿಯುವ ಹಾಗಿರಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು. ಪೇಪರ್ ತಲೆಕೆಳಗಾಗಿದ್ದನ್ನು ಅವಳು ನೋಡಿಯೇ ಇದ್ದಳು.

ನಾದಿನಿ ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು. ಅವಳು ಕೃತಜ್ಞತೆ ಹೇಳಿದ್ದು ಅವನನ್ನು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸುವಂತೆ ಮಾಡಿತು. ಅದರ ಪಕ್ಕದಲ್ಲೇ ಉರಿಯೂ ಇತ್ತು, ಕಡಿಮೆಯಾಗದೆ. ತಾನು ಕೆಡಿಸಲು ಹೋದದ್ದೂ ಅವಳಿಗೇ ಒಲಿಯಿತಲ್ಲ, ಇವಳದು ಎಂಥ ಅದೃಷ್ಟ ಅಂತ. ಎರಡನೇ ಬುಧವಾರ ಇನ್ನೂ ಹೆಚ್ಚು ಫೋನು ಬಂದವು. ಬೀದಿಯಲ್ಲಿ ಮಕ್ಕಳು ಆಟ ಆಡುವಾಗ ಕೂಗತೊಡಗಿದವು. ಮಾಸ್ಟರ್ ಬೇರೆ ದಾರಿಯಲ್ಲಿ ಮನೆಗೆ ಬರತೊಡಗಿದ.

ಮೂರನೇ ಬುಧವಾರಕ್ಕೆ ಮುಂಚಿನ ಭಾನುವಾರ ನಾದಿನಿ ರೇಡಿಯೋ ಕೋಣೆಗೇ ಬಂದಳು. ಮುಖ ಬಾಡಿತ್ತು. ಆಸ್ಪತ್ರೆಯಲ್ಲಿ ಅವಳ ಮೇಲಿನ ಸಾಹೇಬರಿಗೆ ಯಾರೋ ಚಾಡಿ ಹೇಳಿದ್ದಾರೆ. ನಿಮ್ಮ ಲಿಫ್ಟಿನ ಹುಡುಗಿ ರೇಡಿಯೋದಲ್ಲಿ ಕೆಟ್ಟ ಮಾತು ಆಡಿದ್ದಾಳೆ, ಅಲ್ಲಿ ಖಾಲಿ ಬಂದರೆ ಬೈಗುಳ ಅಂತಲೇ ಅರ್ಥ, ಬೇಕಾದರೆ ಯಾರನ್ನಾದರೂ ಕೇಳಿ ಅಂತ. ಸಾಹೇಬರು ಕರೆಸಿ, ಯಾವ ಪದ ಅಂದಿದ್ದು ಅಂತ ಬರೆದುಕೊಡಬೇಕು, ರೇಡಿಯೋದವರ ಸಹಿ ಇರಬೇಕು ಅಂದಿದ್ದಾರೆ.

ಮೇಡಂ ಇದೇನು ದೊಡ್ಡ ವಿಷಯ, ಪುಸ್ತಕ ಇದೆಯಲ್ಲ, ಆ ಹಾಳೆಯ ಜೆರಾಕ್ಸ್ ಕೊಡೋಣ ಅಂದು ಕಪಾಟಿನ ಕಡೆ ಕೈ ಮಾಡಿದರು. ಬ್ರೋ ತೆಗೆದುಕೊಟ್ಟ. ಮಾಸ್ಟರ್ ಹೆಡ್‌ಫೋನ್ ಕಿವಿಯಿಂದ ತೆಗೆಯಲಿಲ್ಲ. ಒಳಗೆ ಯಾವ ಹಾಡೂ ಓಡುತ್ತಿರಲಿಲ್ಲ.

ನಾದಿನಿ ಹಾಳೆ ತಿರುಗಿಸಿ ಬೆರಳಿಟ್ಟು ಓದಿದಳು. ಎರಡು ಸಲ ಓದಿದಳು. ಆಮೇಲೆ ಅವನ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

"ಲಿಫ್ಟಿನೋಳು ಅನ್ನೋದು ಯಾವ ಅಂಗಡಿ, ಭಾವ?"

ಮೇಡಂ ಬೆರಳು ಮೇಜಿನ ಮೇಲೆ ನಿಂತವು. ಬ್ರೋ ಪುಸ್ತಕ ನೋಡಿದ, ಮಾಸ್ಟರನನ್ನು ನೋಡಿದ. ಎರಡು ಬುಧವಾರದಿಂದ ಇವನು ಬೀದಿ ಬೀದಿಯಲ್ಲಿ ಈ ಮನುಷ್ಯನ ಜಾಣತನ ಹೊಗಳಿಕೊಂಡು ತಿರುಗಿದ್ದ.

ಏನಾದರೂ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಬರೆಯುವಾಗ ಸಾಲು ತಪ್ಪಿತು ಅನ್ನಬಹುದಿತ್ತು, ಯಾರೂ ಹೆಚ್ಚು ಕೆದಕುತ್ತಿರಲಿಲ್ಲ. ಆದರೆ ಆ ಹಾಳೆ ಆಸ್ಪತ್ರೆಗೆ ಹೋಗಬೇಕಿತ್ತು. ಅಂಗಡಿ ಹೆಸರು ಅಂತ ಓದಿದರೆ ಆ ಸಾಹೇಬರು ನಂಬುತ್ತಾರೆಯೇ? ಪದ ಒಂದು, ಕಾರಣ ಇನ್ನೊಂದು. ಏನನ್ನೋ ಮುಚ್ಚಿಡುತ್ತಿದ್ದೀರಿ ಅನ್ನುತ್ತಾರೆ. ಗಿಡ್ಡ ಕಾಲರನ್ನು ಎಳೆದು ಉದ್ದ ಮಾಡಲು ಬರುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು.

ಪೆನ್ನು ಕೊಡು ಅಂದ. ಬ್ರೋ ಕೊಟ್ಟ. 'ಅಂಗಡಿ ಹೆಸರು' ಅನ್ನುವುದರ ಮೇಲೆ ಗೆರೆ ಎಳೆದ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದ. ಅವನ ಅಕ್ಷರ ಮೊದಲಿನಿಂದಲೂ ಚಾಕ್‌ನಲ್ಲಿ ಬರೆದ ಹಾಗೆ, ದೂರದಿಂದಲೂ ಓದಬಹುದು. 'ಹೊಟ್ಟೆಕಿಚ್ಚು.' ಕೆಳಗೆ ಹೊಸದಾಗಿ ಸಹಿ ಹಾಕಿ ಅವಳ ಕಡೆ ತಳ್ಳಿದ.

"ತಗೊಂಡು ಹೋಗು ಸಣ್ಣೋಳೆ. ಪದದಲ್ಲಿ ತಪ್ಪಿಲ್ಲ. ತಪ್ಪೆಲ್ಲ ಕಾರಣದಲ್ಲಿದೆ."

ಅವಳು ಪುಸ್ತಕ ಎತ್ತಿಕೊಂಡಳು. ಕಣ್ಣು ತುಂಬಿತ್ತೋ, ಸಿಟ್ಟು ಬಂದಿತ್ತೋ, ಅವನಿಗೆ ನೋಡುವ ಧೈರ್ಯ ಇರಲಿಲ್ಲ. ಹಾಳೆಯ ಜೆರಾಕ್ಸ್ ತೆಗೆಸಿಕೊಂಡು ಮೆಟ್ಟಿಲಿಳಿದು ಹೋದಳು.

ಆಸ್ಪತ್ರೆಯ ಸಾಹೇಬರು ಆ ಹಾಳೆ ಓದಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರಂತೆ. ಪದ: ಲಿಫ್ಟಿನೋಳು. ಕಾರಣ: ಹೊಟ್ಟೆಕಿಚ್ಚು. ಸಹಿ. ಇಂಥ ಸರ್ಟಿಫಿಕೇಟು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ ಅಂದು ಅವಳನ್ನು ಕೆಲಸಕ್ಕೆ ಕಳಿಸಿದರಂತೆ. ಇದನ್ನೆಲ್ಲ ಮಾಸ್ಟರನಿಗೆ ಹೇಳಿದ್ದು ಹೆಂಡತಿ. ನಾದಿನಿ ಊಟಕ್ಕೆ ಬರುವುದನ್ನು ನಿಲ್ಲಿಸಿದ್ದಳು.

ಮೇಡಂ ಅವನನ್ನು ಆ ಕೆಲಸದಿಂದ ಬಿಡಿಸುತ್ತಾರೆ ಅಂತ ಬ್ರೋ ಅಂದುಕೊಂಡಿದ್ದ. ಅವರು ಬಿಡಿಸಲಿಲ್ಲ. ಕತ್ತರಿಸೋ ಕೆಲಸ ನೀವೇ ಮಾಡಿ, ಪುಸ್ತಕ ಇನ್ನು ಮೇಲೆ ನಾನೂ ಓದ್ತೀನಿ ಅಂದರು ಅಷ್ಟೇ. ಬೈಯುವುದಕ್ಕಿಂತ ಅದು ಜೋರಾಗಿತ್ತು. ಮೂರನೇ ಬುಧವಾರದ ಫೋನು ಎಣಿಸುವ ಅಗತ್ಯವೇ ಬರಲಿಲ್ಲ. ಹಾಡು ಹೇಗೆ ಹಾಕೋಣ ಅಂತ ನಾದಿನಿಯನ್ನು ಕೇಳಿದರೆ, ಮೊದಲೆರಡು ಸಲ ನನ್ನ ಮಾತು ನನಗೆ ವಾಪಸ್ ಕೊಡಿ, ಕೊನೇ ಸಲದ್ದು ಖಾಲಿ ಇರಲಿ, ಅದು ಕೇಳುವವರದ್ದು ಅಂತ ಹೇಳಿಕಳಿಸಿದಳು.

ಹಾಗಾಗಿ ಮುಂದಿನ ಭಾನುವಾರ ಮಾಸ್ಟರ್ ತನ್ನ ಕೈಯಾರೆ ಎಂಟು ಸಾಲನ್ನು ಕಾರ್ಯಕ್ರಮದ ತಲೆಯಿಂದ ತೆಗೆದ. ಆ ಜಾಗದಲ್ಲಿ ಲಿಫ್ಟಿನ ಟಿಂಗ್ ಕೂರಿಸಿದ. ಎರಡು ಮಾತು ಹಿಂದಕ್ಕೆ ಹಾಕಿದ, ಮೂರನೆಯದನ್ನು ಖಾಲಿ ಬಿಟ್ಟ. ಹೊಲಿಗೆ ಕಾಣದ ಹಾಗೆ ಕೂರಿಸಿದ್ದ. ಕೆಲಸದಲ್ಲಿ ಮೋಸ ಮಾಡುವುದು ಒಂದು ಸಲಕ್ಕೇ ಸಾಕಾಗಿತ್ತು.

ಬುಧವಾರ ಹಾಲಿನಲ್ಲಿ ಎಲ್ಲರೂ ಕೂಗಿದರು. ವಯಸ್ಸಾದ ಗುಂಡಿಯವಳು ಈಗ ನಾಚಿಕೊಳ್ಳುತ್ತಿರಲಿಲ್ಲ. ಒಬ್ಬಳು ನೀವ್ಯಾಕೆ ಕೂಗಲ್ಲ ಮಾಸ್ಟರ್ ಅಂದಳು. ಬಾಯಲ್ಲಿ ಊಟ ಇದೆ ಅಂದ. ಇರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ಬಾಗಿಲಲ್ಲಿ ಅಡ್ಡ ಬಿದ್ದ ಚಪ್ಪಲಿ ಕಂಡಿತು. ಮಾಸ್ಟರ್ ಅದನ್ನು ಬಗ್ಗಿ ಸರಿಯಾಗಿ ಜೋಡಿಸಿ ಒಳಗೆ ಬಂದ. ನಾದಿನಿ ಊಟ ಮಾಡುತ್ತಿದ್ದಳು. ಅವನ ಕಡೆ ನೋಡದೆ ಮೊಬೈಲನ್ನು ಟೇಬಲ್ ಮೇಲೆ ತಳ್ಳಿದಳು.

"ಹೊಸದು. ಕತ್ತರಿಸೋ ಅಂಥದ್ದೇನೂ ಇಲ್ಲ. ಆದ್ರೂ ಕೇಳಿ, ಎಲ್ಲಿ ಎಳೆದಿದೆ ಅಂತ ಹೇಳಿ."

"ಭಾನುವಾರ ಕೇಳ್ತೀನಿ" ಅಂದ.

ಭಾನುವಾರ ಕೇಳಿದ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರಿಗೂ ಪ್ರಾಸ ಹುಡುಕಿದ್ದಳು ಪುಣ್ಯಾತ್ಗಿತ್ತಿ. ಒಂದು ಕಡೆ ಉಸಿರು ತಡವಾಗಿತ್ತು, ಗುರುತು ಮಾಡಿಕೊಂಡ. ಬಾಕಿಯೆಲ್ಲ ಹಾಗೆ ಹರಿತವಾಗಿತ್ತು. ಹೊಟ್ಟೆಯಲ್ಲಿ ಹಳೇ ಬೇನೆ ಎದ್ದು ಕೂತಿತು, ಒಂದು ದಿನವೂ ಊರು ಬಿಟ್ಟು ಹೋಗಿರದ ನೆಂಟನ ಹಾಗೆ. ನಾಲ್ಕು ಸಲ ಕೇಳಿದ. ಬಾಣ ಪರದೆಯ ಮೇಲೆ ಅತ್ತಿತ್ತ ಓಡಾಡಿ ಸುಮ್ಮನಾಯಿತು.

ಪುಸ್ತಕ ತೆಗೆದ. ಮೇಡಂ ಓದುತ್ತಾರೆ ಅಂತ ಗೊತ್ತು. ಪದದ ಸಾಲಿನಲ್ಲಿ 'ಏನೂ ಇಲ್ಲ' ಅಂತ ಬರೆದ. ಅಲ್ಲಿಗೆ ಬಿಡಬಹುದಿತ್ತು, ಕತ್ತರಿಸದ ಹಾಡಿಗೆ ಕಾರಣ ಬೇಕಿಲ್ಲ. ಆದರೂ ಪೆನ್ನು ಪಕ್ಕದ ಸಾಲಿಗೆ ಹೋಯಿತು.

'ಹೊಟ್ಟೆಕಿಚ್ಚು ಇದೆ. ಕತ್ತರಿಸಿಲ್ಲ.'

ಸಹಿ ಹಾಕಿದ.